ಆಯಿಯ ಆಣೆ, ಅವ್ವನ ಬಿಸಿಲು

ರಂಗಂಪೇಟೆಯ ನಮ್ಮ ಮನೆಯಲ್ಲಿ ಜೋಳದ ಚೀಲಗಳು ಖಾಲಿಯಾಗುವುದಕ್ಕೂ ನನ್ನ ಔಷಧಕ್ಕೂ ಸಂಬಂಧವಿತ್ತು. ಅದು ಕಲ್ಲು ಗೋಡೆಯ, ಮಣ್ಣಿನ ಮಾಳಿಗೆಯ ಮನೆ. ಬೀದಿಯ ಕಡೆಗೆ ಒಂದು ಬಾಗಿಲು, ಒಂದು ಸಣ್ಣ ಕಿಟಕಿ. ನಡುಮನೆಗೆ ಬೆಳಕು ಬರಬೇಕಾದರೆ ಮಾಳಿಗೆಯಲ್ಲಿ ಬಿಟ್ಟಿದ್ದ ಬೆಳಕಿಂಡಿಯೇ ಗತಿ. ಮಳೆ ಬಂದರೆ ಅದರ ಮೇಲೆ ಒಂದು ಹಳೆಯ ಬೋಗುಣಿ ಕವುಚಿ ಹಾಕುತ್ತಿದ್ದೆವು. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಆ ಬೆಳಕಿಂಡಿಯಿಂದ ಇಳಿದ ಬಿಸಿಲು ಪಶ್ಚಿಮದ ಗೋಡೆಯ ಮೇಲೆ, ಜೋಳದ ಚೀಲ ಒಟ್ಟಿದ್ದ ಜಾಗದಲ್ಲಿ, ಒಂದು ರೊಟ್ಟಿಯಷ್ಟು ಅಗಲ ಬೀಳುತ್ತಿತ್ತು. ಆ ರೊಟ್ಟಿಯಗಲದ ಬಿಸಿಲಿಗೆ ನನ್ನ ಮೊಣಕಾಲು ಹಿಡಿಸುವುದು ಅವ್ವನ ಕೆಲಸ. ಸುಗ್ಗಿ ಮುಗಿದ ಹೊಸದರಲ್ಲಿ ಚೀಲಗಳು ಎತ್ತರ ಇರುತ್ತಿದ್ದವು, ನಾನು ಮಹಾರಾಣಿಯ ಹಾಗೆ ಮೇಲೆ ಕೂತು ಕಾಲು ಚಾಚುತ್ತಿದ್ದೆ. ನಾವು ಉಂಡಂತೆಲ್ಲ ಚೀಲ ಕರಗುತ್ತಿತ್ತು, ನಾನು ಕೆಳಗಿಳಿಯುತ್ತಿದ್ದೆ, ಬಿಸಿಲು ಮಾತ್ರ ಮೇಲೇ ಉಳಿಯುತ್ತಿತ್ತು. ಆಗ ಅವ್ವ ಹಿಟ್ಟಿನ ಡಬ್ಬಿ, ಅದರ ಮೇಲೊಂದು ಕೌದಿ, ಅದರ ಮೇಲೆ ನನ್ನನ್ನು ಪೇರಿಸಿ ಕೂಡಿಸುತ್ತಿದ್ದಳು.

ನನ್ನ ಹತ್ತನೆಯ ವಯಸ್ಸಿನಲ್ಲಿ ಎರಡೂ ಮೊಣಕಾಲಿನ ಮೇಲೆ ರೂಪಾಯಿ ಬಿಲ್ಲೆಯಷ್ಟು ಬಿಳಿ ಕಲೆ ಕಾಣಿಸಿಕೊಂಡವು. ಆಮೇಲೆ ಕಾಲ್ಬೆರಳಿಗೆ ಬಂದವು. ತೊನ್ನು ಎಂಬ ಮಾತು ನಮ್ಮ ಮನೆಯಲ್ಲಿ ಯಾರ ಬಾಯಿಂದಲೂ ಬರಲಿಲ್ಲ. ಅವ್ವ ‘ಬಿಳೇದು’ ಅನ್ನುತ್ತಿದ್ದಳು, ಆಯಿ ‘ಅದು’ ಅನ್ನುತ್ತಿದ್ದಳು. ಆಯಿ ಅಂದರೆ ಅಪ್ಪನ ತಾಯಿ. ಅಪ್ಪ ನಾರಾಯಣಪುರದ ಡ್ಯಾಮಿನ ಆಫೀಸಿನಲ್ಲಿ ಗುಮಾಸ್ತ, ಅಲ್ಲೇ ಕ್ವಾರ್ಟರ್ಸಿನಲ್ಲಿ ಇರುತ್ತಿದ್ದ, ಶನಿವಾರ ಸಂಜೆಯ ಬಸ್ಸಿಗೆ ಮನೆಗೆ ಬರುತ್ತಿದ್ದ. ಹೀಗಾಗಿ ವಾರದ ಉಳಿದ ದಿನ ಮನೆ ಎಂದರೆ ಅವ್ವ, ಆಯಿ ಮತ್ತು ನಾನು. ಇಬ್ಬರು ಹೆಂಗಸರೂ ನನ್ನ ಮೇಲೆ ಪ್ರಾಣ ಇಟ್ಟುಕೊಂಡಿದ್ದರು. ಒಬ್ಬರ ಮೇಲೊಬ್ಬರಿಗೆ ಮಾತ್ರ ಕಾಳಷ್ಟೂ ನಂಬಿಕೆ ಇರಲಿಲ್ಲ.

ಮಂಗಳವಾರಕ್ಕೊಮ್ಮೆ ಗುಲ್ಬರ್ಗದಿಂದ ಶಹಾಪುರಕ್ಕೆ ಒಬ್ಬ ಚರ್ಮದ ಡಾಕ್ಟರು ಬರುತ್ತಿದ್ದರು. ಅವ್ವ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದಳು. ದಪ್ಪ ಕನ್ನಡಕದ, ಮೆಲುದನಿಯ ಮನುಷ್ಯ. ಕಂದು ಬಣ್ಣದ ಸಣ್ಣ ಸೀಸೆಯೊಂದನ್ನು ಕೊಟ್ಟು, ಅದನ್ನು ಒಂದು ದಿನ ಬಿಟ್ಟು ಒಂದು ದಿನ ಕಲೆಗೆ ಹಚ್ಚಬೇಕು, ಅರ್ಧ ಗಂಟೆ ಬಿಟ್ಟು ಬಿಸಿಲಿಗೆ ಹಿಡಿಯಬೇಕು, ಆಮೇಲೆ ಸಾಬೂನು ಹಚ್ಚಿ ತೊಳೆದು ಕಾಲು ಮುಚ್ಚಿಕೊಂಡಿರಬೇಕು ಎಂದರು. ರಾತ್ರಿ ಮಲಗುವಾಗ ಹಚ್ಚಲು ಬೇರೆ ಮುಲಾಮು.

“ಬರೇ ಬಿಸಿಲಿನಿಂದ ಆಗಂಗಿಲ್ರಿ ತಾಯಿ, ಬರೇ ಔಷಧದಿಂದಾನೂ ಆಗಂಗಿಲ್ಲ. ಎರಡೂ ಕೂಡಬೇಕು. ಮೊದಲು ಮೂರು ನಿಮಿಷ ಹಿಡೀರಿ. ಮುಂದ ಹದಿನೈದು ದಿನಕ್ಕೊಂದು ನಿಮಿಷ ಏರಸ್ರಿ. ಅವಸರ ಮಾಡಿದ್ರ ಸುಡತದ.”

ಮಾಳಿಗೆಯ ಮೇಲೆ ಕೂಡಿಸಿ ಎಂದೇ ಅವರು ಹೇಳಿದ್ದು. ಆದರೆ ನಮ್ಮ ಓಣಿಯಲ್ಲಿ ಮಾಳಿಗೆಗೆ ಮಾಳಿಗೆ ಹತ್ತಿಕೊಂಡಿದ್ದವು. ಮೆಣಸಿನಕಾಯಿ ಒಣಹಾಕಲು ಬಂದವರ ಕಣ್ಣಿಗೆ ನನ್ನ ಮೊಣಕಾಲು ಬಿದ್ದರೆ ಸಂಜೆಯೊಳಗೆ ಸುರಪುರದವರೆಗೆ ಸುದ್ದಿ ಮುಟ್ಟುತ್ತಿತ್ತು. ಅದಕ್ಕೇ ಅವ್ವ ಬೆಳಕಿಂಡಿ ಹುಡುಕಿಕೊಂಡಳು. ಅಪ್ಪನ ಅಲಾರಂ ಗಡಿಯಾರ ತಂದು ಚೀಲದ ಮೇಲಿಟ್ಟು, ಒಂದು ಮೊಣಕಾಲಿಗೆ ಮೂರು ನಿಮಿಷ, ಇನ್ನೊಂದಕ್ಕೆ ಮೂರು ನಿಮಿಷ ಹಿಡಿಸುವಳು. ಬಿಸಿಲು ಸರಿದಂತೆ ನನ್ನನ್ನೂ ಒಂದೊಂದು ಬೆರಳು ಸರಿಸುವಳು. ಆ ಆರು ನಿಮಿಷ ಅವಳು ಉಸಿರು ಸಹ ಜೋರಾಗಿ ಬಿಡುತ್ತಿರಲಿಲ್ಲ. ಮುಗಿದ ಮೇಲೆ ಕಾಲು ತೊಳೆದು, ಉದ್ದನೆಯ ಲಂಗ ತೊಡಿಸಿ, ಶಾಲೆಗೆ ಅಟ್ಟುತ್ತಿದ್ದಳು.

ಆಯಿಗೆ ಈ ಸೀಸೆಯ ಮೇಲೆ ವಿಶ್ವಾಸವಿರಲಿಲ್ಲ. ನೀರಿನ ಹಾಗೆ ಇದ್ದದ್ದು ಔಷಧ ಹೇಗಾದೀತು ಎನ್ನುವುದು ಅವಳ ವಾದ. ಅವಳ ಪ್ರಕಾರ ರೋಗ ಇದ್ದದ್ದು ನನ್ನ ಊಟದಲ್ಲಿ. ಹುಣಸೆ ಬಂದ್, ಮೊಸರು ಬಂದ್, ಬದನೆಕಾಯಿ ಬಂದ್. ಹುಳಿ ಸೊಪ್ಪಿನ ಪುಂಡಿಪಲ್ಯ ಅಂದರೆ ನಾನು ಜೀವ ಬಿಡುತ್ತಿದ್ದೆ, ಅದೂ ಬಂದ್. ಡಾಕ್ಟರು ಏನು ಬೇಕಾದರೂ ತಿನ್ನಲಿ ಎಂದಿದ್ದರಲ್ಲ, ಅವ್ವ ರೊಟ್ಟಿಯ ಮಡಿಕೆಯೊಳಗೆ ಪುಂಡಿಪಲ್ಯ ಸೇರಿಸಿ ನನ್ನ ಕೈಗಿಡುತ್ತಿದ್ದಳು. ನಾನು ಗೋಡೆಗೆ ಮುಖ ಮಾಡಿ ತಿನ್ನುತ್ತಿದ್ದೆ. ಆಯಿ ಹಿಂದಿನಿಂದ ಕೇಳುವಳು:

“ಯಾಕ ಕಮ್ಲಿ, ಗ್ವಾಡಿ ಕಡೆ ಮಾರಿ ಮಾಡಿ ಕುಂತೀದಿ? ರೊಟ್ಟಿ ನಾಚಕೋತದೇನು?”

ಹೀಗೆ ಅವ್ವನ ಗುಟ್ಟೊಂದು ನನ್ನ ಹತ್ತಿರ ಮೊದಲೇ ಇತ್ತು. ಆಯಿಯ ಗುಟ್ಟು ಆಮೇಲೆ ಬಂತು. ಒಂದು ದಿನ ಶಾಲೆ ಬಿಟ್ಟ ಮೇಲೆ ಆಯಿ ನನ್ನನ್ನು ಸುರಪುರದ ಪೇಟೆಯ ಅತ್ತಾರ ಅಂಗಡಿಗೆ ಕರೆದೊಯ್ದಳು. ಬೇರು, ಬೀಜ, ಅರಿಷಿಣ ಕೊಂಬು, ಊದು, ಅತ್ತರು ಎಲ್ಲದರ ವಾಸನೆ ಒಟ್ಟಿಗೇ ಬರುತ್ತಿದ್ದ ಸಣ್ಣ ಅಂಗಡಿ ಅದು. ಬಿಳಿ ಗಡ್ಡದ ಅಂಗಡಿಯವರನ್ನು ಆಯಿ ಅಣ್ಣ ಎಂದೇ ಕರೆಯುತ್ತಿದ್ದಳು. ಅವರು ನನ್ನ ಮೊಣಕಾಲು ನೋಡಿ, ಕರಿ ಬಣ್ಣದ ಬಾವಂಚಿ ಬೀಜ ತೆಗೆದರು. ಕೊಡುವ ಮೊದಲು ಕೈ ಹಿಂದಕ್ಕೆ ತೆಗೆದುಕೊಂಡು ಕೇಳಿದರು:

“ಇದು ಭಾಳ ಗರಂ ಚೀಜ್ ನೋಡವಾ ತಂಗಿ. ಬ್ಯಾರೆ ದವಾ ಏನಾರ ನಡದದೇನು? ನಡದಿದ್ರ ಇದು ಬ್ಯಾಡ.”

“ಯಾವ ದವಾನೂ ಇಲ್ಲ ಅಣ್ಣಾ, ಏನೂ ಇಲ್ಲ,” ಎಂದಳು ಆಯಿ, ಕಣ್ಣು ಮಿಟುಕಿಸದೆ.

ಬರುವಾಗ ದಾರಿಯ ಬೇವಿನ ಗಿಡದ ಕೆಳಗೆ ನಿಂತು ನನ್ನ ಬಲಗೈ ಎತ್ತಿ ತನ್ನ ತಲೆಯ ಮೇಲೆ ಇಟ್ಟುಕೊಂಡಳು.

“ಆಣಿ ಮಾಡು. ಇದನ್ನ ನಿಮ್ಮವ್ವಗ ಹೇಳಂಗಿಲ್ಲ, ನಿಮ್ಮಪ್ಪಗ ಹೇಳಂಗಿಲ್ಲ, ಯಾರಿಗೂ ಹೇಳಂಗಿಲ್ಲ. ಹೇಳಿದಿ ಅಂದ್ರ ನನ್ನ ಹೆಣಾ ನೋಡ್ತಿ.”

ಈಗಿನ ಮಕ್ಕಳಿಗೆ ಹೀಗೆಂದರೆ ನಕ್ಕುಬಿಡುತ್ತಾರೆ. ನಾನು ನಗಲಿಲ್ಲ. ನಮ್ಮ ಓಣಿಯ ಈರಪ್ಪ ಸುಳ್ಳು ಆಣೆ ಮಾಡಿದ ವಾರದಲ್ಲೇ ಅವನ ಎಮ್ಮೆ ಸತ್ತಿತ್ತು. ಎಮ್ಮೆ ಕಾಲು ಚಾಚಿ ಬಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಆಯಿಯ ತಲೆ ಬಿಸಿಲಿಗೆ ಕಾದು ಬೆಚ್ಚಗಿತ್ತು. ಆಣೆ ಮಾಡಿದೆ.

ಅವತ್ತಿನಿಂದ ನನಗೆ ಎರಡು ಉಪಚಾರ ಶುರುವಾದವು. ಬೆಳಿಗ್ಗೆ ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿರುವಾಗ, ಬಚ್ಚಲಲ್ಲಿ ನನಗೆ ಎರೆಯುವ ಆಯಿ ಬಾವಂಚಿಯನ್ನು ಎಣ್ಣೆಯಲ್ಲಿ ಅರೆದು ಮೊಣಕಾಲಿಗೆ ಹಚ್ಚುತ್ತಿದ್ದಳು, ಸ್ವಲ್ಪ ಹೊತ್ತು ಬಿಟ್ಟು ಕಡಲೆಹಿಟ್ಟಿನಿಂದ ಒರೆಸುತ್ತಿದ್ದಳು. ಎಂಟೂವರೆಗೆ ಅವ್ವ ಅದೇ ಮೊಣಕಾಲಿಗೆ ಸೀಸೆಯ ಔಷಧ ಹಚ್ಚುತ್ತಿದ್ದಳು. ಒಂಬತ್ತಕ್ಕೆ ಬಿಸಿಲು. ಎರಡು ತಿಂಗಳಲ್ಲಿ ಬಿಳಿ ಕಲೆಯ ನಡುವೆ ಎಳ್ಳು ಚೆಲ್ಲಿದ ಹಾಗೆ ಕಂದು ಚುಕ್ಕೆಗಳು ಎದ್ದವು. ಬಣ್ಣ ಹಾಗೆಯೇ ಬರುವುದು, ಒಂದೊಂದು ಕೂದಲಿನ ಬುಡದಿಂದ. ಅವ್ವ ಚುಕ್ಕೆ ಎಣಿಸಿ ಬಚ್ಚಲ ಮೂಲೆಗೆ ಹೋಗಿ ಅತ್ತಳು. ಆಯಿ ಚುಕ್ಕೆ ನೋಡಿ, ಯಾರಿಗೂ ಕೇಳಿಸದ ಹಾಗೆ ತನಗೆ ತಾನೇ ಶಹಬ್ಬಾಸ್ ಹೇಳಿಕೊಂಡಳು. ತನ್ನ ಔಷಧವೇ ನಾಟಿದೆ ಎಂದು ಇಬ್ಬರಿಗೂ ಖಾತ್ರಿಯಾಗಿತ್ತು. ನನಗೆ ಯಾರ ಔಷಧವಾದರೇನು, ಬಣ್ಣ ಬರುತ್ತಿತ್ತು. ನಾನು ಲಂಗ ಎತ್ತಿ ಎತ್ತಿ ನೋಡಿಕೊಳ್ಳುತ್ತಿದ್ದೆ. ಅಷ್ಟು ಸಂತೋಷದ ದಿನಗಳು ನನ್ನ ಬಾಲ್ಯದಲ್ಲಿ ಬೇರೆ ಇರಲಿಲ್ಲ.

ಸಂತೋಷವೇ ಕೆಡಿಸಿತು. ಚುಕ್ಕೆ ಬಂದದ್ದು ಕಂಡು ಇಬ್ಬರಿಗೂ ಒಂದೇ ವಾರ ಆಸೆ ಹೆಚ್ಚಾಯಿತು. ಏಳು ನಿಮಿಷ ಹಿಡಿಸುತ್ತಿದ್ದ ಅವ್ವ ಅವತ್ತು ಹತ್ತು ನಿಮಿಷ ಹಿಡಿಸಿದಳು. ಅದೇ ಬೆಳಿಗ್ಗೆ ಆಯಿ ಬಾವಂಚಿಯನ್ನು ದಪ್ಪಗೆ ಬಳಿದು, ಒರೆಸದೆ ಹಾಗೇ ನೀರು ಹಾಕಿದ್ದಳು. ಅವತ್ತು ಏನೂ ಆಗಲಿಲ್ಲ. ಮರುದಿನ ಮೊಣಕಾಲು ಕೆಂಪಾಯಿತು. ಅದರ ಮರುದಿನ ನೀರು ತುಂಬಿದ ಗುಳ್ಳೆ ಎದ್ದವು, ಕಾಲು ಮಡಚಲು ಬರದಾಯಿತು. ಅದು ಶನಿವಾರ. ಸಂಜೆ ಅಪ್ಪ ಬಂದು ಚೀಲ ಕೆಳಗಿಡುವ ಮೊದಲೇ ನನ್ನ ಕಾಲು ನೋಡಿದ.

“ಹುಡುಗೀನ ಸುಟ್ಟು ಹಾಕಿದ್ಯಲ್ಲ! ಬಿಸಲಾಗ ಕುಂದರಸಿ ಬೇಯಸ್ತಾರೇನು ಕೂಸಿನ್ನ? ಆ ಸೀಸಿ ತಿಪ್ಪಿಗಿ ಒಗಿ. ಇನ್ನ ಮ್ಯಾಲ ಈ ಮನ್ಯಾಗ ಬಿಸಲಿನ ಆಟ ನಡಿಯಂಗಿಲ್ಲ.”

ಅವ್ವ ಒಂದು ಮಾತಿಗೂ ಎದುರಾಡಲಿಲ್ಲ. ಮೂರು ನಿಮಿಷ ಹೆಚ್ಚು ಹಿಡಿಸಿದ್ದು ತಾನೇ ಎಂದು ಅವಳಿಗೆ ಗೊತ್ತಿತ್ತಲ್ಲ. ಆಯಿ ಕಂಬಕ್ಕೆ ಒರಗಿ ಕೂತಿದ್ದಳು. ಅವಳು ಬಾಯಿ ಬಿಡುತ್ತಾಳೆ ಎಂದು ನಾನು ನೋಡಿದೆ. ಆಯಿ ಎದ್ದು ದನಕ್ಕೆ ನೀರು ಕುಡಿಸಲು ಹೋದಳು. ಅವಳ ಮೇಲೆ ನನಗೆ ಜೀವಮಾನದಲ್ಲಿ ಮೊದಲ ಸಲ ಸಿಟ್ಟು ಬಂತು. ಆ ವಾರವೆಲ್ಲ ಅವ್ವ ಸರಿಯಾಗಿ ಉಣ್ಣಲಿಲ್ಲ. ನನ್ನ ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚುವಾಗ “ನನ್ನ ಕೈಗಿ ಬೆಂಕಿ ಬೀಳಲಿ” ಅನ್ನುತ್ತಿದ್ದಳು. ಹೇಳಿಬಿಡೋಣ ಎಂದು ಬಾಯಿ ತೆರೆದಾಗೆಲ್ಲ ನನಗೆ ಎಮ್ಮೆ ಕಾಣುತ್ತಿತ್ತು. ಒಮ್ಮೆ ಆಯಿಯ ಸೆರಗು ಹಿಡಿದು ಬೇಡಿಕೊಂಡೆ:

“ಆಯಿ, ಆಣಿ ವಾಪಸ್ ತಗೋ.”

“ಹಚ್ಚೋದು ಬಿಟ್ಟೀನಲ್ಲ, ಇನ್ಯಾಕ ಆ ಮಾತು? ಸುಮ್ಕಿರು,” ಎಂದು ಕೈ ಬಿಡಿಸಿಕೊಂಡಳು. ಅವಳಿಗೆ ಹೆದರಿಕೆಯಾಗಿತ್ತು ಎಂದು ಈಗ ಅನ್ನಿಸುತ್ತದೆ. ಆಗ ನನಗೆ ಕಂಡದ್ದು ಹಟ ಮಾತ್ರ.

ಗುಳ್ಳೆ ಒಡೆದು ಹುಣ್ಣಾದದ್ದು ಕಂಡು, ಮುಂದಿನ ಶನಿವಾರ, ಬರೀ ಗಾಯಕ್ಕೆ ಮಾತ್ರ ತೋರಿಸಿಕೊಂಡು ಬಾ ಎಂದು ಅಪ್ಪ ಒಪ್ಪಿದ. ಮಂಗಳವಾರ ಶಹಾಪುರಕ್ಕೆ ಹೋದೆವು. ಡಾಕ್ಟರು ಗಾಯದ ಅಂಚನ್ನೆಲ್ಲ ಒತ್ತಿ ನೋಡಿದರು. ಆಮೇಲೆ ಕೇಳಿದರು:

“ಎಷ್ಟು ನಿಮಿಷ ಹಿಡದೀರಿ?”

“ಹತ್ರಿ. ತಪ್ಪು ನಂದೇರಿ.”

“ಹತ್ತಕ್ಕ ಇಷ್ಟು ಸುಡಬಾರದು. ಮನ್ಯಾಗ ಬ್ಯಾರೆ ಏನಾರ ಹಚ್ಚಿದ್ರೇನು? ಎಣ್ಣಿ, ಲೇಪ, ಬೇರು, ಏನಾರ?”

“ದೇವರಾಣಿಗೂ ಇಲ್ರಿ,” ಎಂದಳು ಅವ್ವ.

ಇಷ್ಟು ಕಾಲದ ಮೇಲೆ, ಹೋದ ವರ್ಷ, ನನ್ನ ಕುತ್ತಿಗೆಯಲ್ಲಿ ಹೊಸದೊಂದು ಕಲೆ ಬಂದು, ಯಾದಗಿರಿಯಲ್ಲಿ ಬೆಳಕಿನ ಉಪಚಾರಕ್ಕೆ ಹೋಗುತ್ತಿದ್ದೆ. ಈಗ ಬೆಳಕಿಂಡಿ ಬೇಕಿಲ್ಲ. ಆಳೆತ್ತರದ ಪೆಟ್ಟಿಗೆಯೊಳಗೆ ಕೊಳವೆ ದೀಪಗಳಿರುತ್ತವೆ, ಕಪ್ಪು ಕನ್ನಡಕ ಹಾಕಿಕೊಂಡು ನಿಂತರೆ ಯಂತ್ರವೇ ಹೊತ್ತು ಎಣಿಸಿ ಆರುತ್ತದೆ. ಮನೆಯಲ್ಲಿ ಹಚ್ಚಲು ಮುಲಾಮು ಕೊಡುತ್ತಾರೆ, ಎರಡೂ ಕೂಡಿದರೆ ಬಣ್ಣ ಬೇಗ ಬರುತ್ತದಂತೆ. ಮೊದಲ ದಿನ ಅಲ್ಲಿಯ ನರ್ಸ್ ಹುಡುಗಿ ಹಾಳೆ ಹಿಡಿದುಕೊಂಡು “ಮೇಡಂ, ಬ್ಯಾರೆ ಏನಾರ ಹಚ್ಚತೀರೇನ್ರಿ ಮನ್ಯಾಗ?” ಎಂದು ಕೇಳಿದಳು. ಅವಳು ಎಲ್ಲರಿಗೂ ಕೇಳುವ ಪ್ರಶ್ನೆ ಅದು. ಆದರೆ ಆ ಪ್ರಶ್ನೆಗೆ ನಮ್ಮ ಮನೆಯ ಇಬ್ಬರು ‘ಇಲ್ಲ’ ಎಂದಿದ್ದರು. ಒಬ್ಬಳು ಗೊತ್ತಿದ್ದು, ಒಬ್ಬಳು ಗೊತ್ತಿಲ್ಲದೆ.

ಅವತ್ತು ಶಹಾಪುರದಲ್ಲಿ, ಅವ್ವನ ಮಾತು ಕೇಳಿ ಡಾಕ್ಟರು ನನ್ನ ಚೀಟಿ ಎಳೆದುಕೊಂಡರು.

“ಹಂಗಾದ್ರ ಈಕಿ ಚರ್ಮಕ್ಕ ಇದು ಒಗ್ಗಂಗಿಲ್ಲ ತಾಯಿ. ಬಿಸಿಲು, ಸೀಸಿ, ಎರಡೂ ಬಂದ್ ಮಾಡ್ರಿ. ಬ್ಯಾರೆ ದಾರಿ ಇಷ್ಟು ಸಣ್ಣಾಕಿಗಿ ಸದ್ಯ ಇಲ್ಲ.”

ಅವರು ಪೆನ್ನಿನ ಮುಚ್ಚಳ ತೆಗೆದರು. ಬರೆದ ಔಷಧದ ಹೆಸರಿನ ಮೇಲೆ ಗೆರೆ ಎಳೆಯಲು ಪೆನ್ನು ಇಟ್ಟರು. ಗಾಯದ ಅಂಚಿನಲ್ಲಿ ಇನ್ನೂ ಉಳಿದಿದ್ದ ನನ್ನ ಎಳ್ಳಿನಂಥ ಚುಕ್ಕೆಗಳನ್ನು ನೋಡಿಕೊಂಡೆ. ಹೇಳಿದರೆ ಆಯಿ ಸಾಯುತ್ತಾಳೆ. ಹೇಳದಿದ್ದರೆ ಇವು ಹೋಗುತ್ತವೆ, ಮುಂದೆ ಮೈಯೆಲ್ಲ ಬಿಳಿಯಾಗುತ್ತದೆ. ನಾನು ಯೋಚಿಸಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಪೆನ್ನು ಕಾಗದಕ್ಕೆ ತಾಗುವಷ್ಟು ಹೊತ್ತು ಚೆನ್ನಾಗಿಯೇ ಯೋಚಿಸಿದೆ. ಆಮೇಲೆ ಹೇಳಿದೆ:

“ಆಯಿ ಬಾವಂಚಿ ಹಚ್ಚಾಕತ್ತಿದ್ಳು. ದಿನಾ ಮುಂಜಾನಿ.”

ಅವ್ವ ಗಕ್ಕನೆ ನನ್ನ ಕಡೆ ತಿರುಗಿದಳು. ಡಾಕ್ಟರು ಪೆನ್ನು ಕೆಳಗಿಟ್ಟು ನಕ್ಕರು. ಆ ನಗು ನನಗೆ ಭಯಂಕರವಾಗಿ ಕಂಡಿತು, ಏಕೆಂದರೆ ಅಲ್ಲಿ ರಂಗಂಪೇಟೆಯಲ್ಲಿ ಆಯಿ ಆಗಲೇ ಬಿದ್ದಿರಬೇಕು.

“ತಾಯಿ, ನಾ ಕೊಟ್ಟ ಸೀಸ್ಯಾಗ ಇರೋದೂ ಬಾವಂಚ್ಯಾಗಿನ ಸತ್ವಾನ ರೀ. ನೀವೂ ಅದನ್ನೇ ಹಚ್ಚೀರಿ, ನಿಮ್ಮತ್ತಿನೂ ಅದನ್ನೇ ಹಚ್ಯಾಳ. ಒಂದೇ ಮದ್ದು ಎರಡು ಸಲ. ಮ್ಯಾಲ ನಮ್ಮ ಕಡಿ ಬಿಸಿಲು. ಸುಡದೇ ಏನಾದೀತು?”

ಗಾಯ ಮಾಯ್ದ ಮೇಲೆ ಮತ್ತೆ ಮೂರು ನಿಮಿಷದಿಂದ ಶುರುಮಾಡಿ, ಸೀಸೆ ಒಂದೇ ಸಾಕು, ಬಾವಂಚಿ ಬಂದ್ ಎಂದರು. ಮುಂದೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ಅಪ್ಪನನ್ನು ಒಪ್ಪಿಸಲು ಎರಡು ಶನಿವಾರ ಹಿಡಿಯಿತು. ಒಂದೂವರೆ ವರ್ಷದಲ್ಲಿ ಮೊಣಕಾಲು ಎರಡೂ ತುಂಬಿಕೊಂಡವು, ಸುಟ್ಟ ಕಡೆ ಮಾತ್ರ ಒಂದು ಕಡಲೆಯಷ್ಟು ಬಿಳಿ ಉಳಿಯಿತು. ಕಾಲ್ಬೆರಳಿಗೆ ಯಾವ ಬಿಸಿಲೂ ಯಾವ ಮದ್ದೂ ನಾಟಲಿಲ್ಲ, ಅವು ಇಂದಿಗೂ ಬಿಳಿ. ದೊಡ್ಡವಳಾಗಿ ಟೀಚರಾದ ಮೇಲೂ ಬೆರಳು ಕಾಣುವ ಚಪ್ಪಲಿ ಹಾಕಿಕೊಂಡೇ ಪಾಠ ಮಾಡಿದೆ, ಯಾರಾದರೂ ನೋಡಿದರೆ ನೋಡಿಕೊಳ್ಳಲಿ ಎಂದು ಬಿಟ್ಟೆ.

ಆದರೆ ಅವತ್ತು ವಾಪಸು ಬರುವ ಬಸ್ಸಿನಲ್ಲಿ ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ, ನಾನು ಆಯಿಯನ್ನು ಕೊಂದಿದ್ದೆ. ಬೀಸುಕಲ್ಲಿನ ಹತ್ತಿರ ಬಿದ್ದಿದ್ದಾಳೋ, ಬಚ್ಚಲಲ್ಲಿ ಬಿದ್ದಿದ್ದಾಳೋ ಎಂದಷ್ಟೇ ನಾನು ಯೋಚಿಸುತ್ತಿದ್ದೆ. ಪಕ್ಕದಲ್ಲಿ ಅವ್ವ ಹಲ್ಲು ಕಚ್ಚಿಕೊಂಡು, ಮನೆಗೆ ಹೋದ ಮೇಲೆ ಆಡಬೇಕಾದ ಮಾತುಗಳನ್ನು ಹೊಂದಿಸಿಕೊಳ್ಳುತ್ತಿದ್ದಳು.

“ಇವತ್ತ ಬಿಡಂಗಿಲ್ಲ ಆಕಿನ್ನ. ನನ್ನ ಗಂಡನ ಕೈಲಿ ಅನ್ನಿಸಿಕೊಂಡೀನಿ, ಕಂಬಕ್ಕ ಒರಗಿ ಕೇಳಕೋತ ಕುಂತಿದ್ಳು. ಕೇಳೇ ಬಿಡ್ತೀನಿ.”

ಆಗ ನನ್ನ ಕಡೆ ನೋಡಿದಳು. ನಾನು ಅಳುತ್ತಿದ್ದೆ.

“ಗಾಯ ನೋಯಾಕತ್ತದೇನು?”

“ಆಯಿ ಸತ್ತಾಳ,” ಎಂದೆ. ಬೇವಿನ ಗಿಡ, ಆಣೆ, ಹೆಣ, ಈರಪ್ಪನ ಎಮ್ಮೆ, ಎಲ್ಲವನ್ನೂ ಬಿಕ್ಕುತ್ತ ಹೇಳಿದೆ. ಅವ್ವ ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. ನನ್ನನ್ನು ಎಳೆದು ರಂಗಂಪೇಟೆ ಬರುವವರೆಗೆ ಸೆರಗಿನೊಳಗೇ ಇಟ್ಟುಕೊಂಡಳು.

ಬಸ್ಸಿಳಿದು ನಮ್ಮ ಓಣಿಗೆ ತಿರುಗಿದರೆ ನಮ್ಮ ಮನೆಯ ಮುಂದೆ ಹೆಂಗಸರು ಗುಂಪುಗಟ್ಟಿ ನಿಂತಿದ್ದರು. ನಾನು ಅಲ್ಲೇ ನಿಂತುಬಿಟ್ಟೆ. ಅವ್ವನಿಗೂ ಒಂದು ಕ್ಷಣ ಏನನ್ನಿಸಿತೋ, ನನ್ನ ಕೈ ಬಿಗಿಯಾಗಿ ಹಿಡಿದಳು. ಆಗ ಗುಂಪಿನ ನಡುವಿನಿಂದ ಆಯಿಯ ದನಿ ಕೇಳಿಸಿತು:

“ಇದೇನು ಕಲಾಯಿ ಮಾಡಿದ್ಯೋ ಬೂದಿ ಬಳದಿದ್ಯೋ? ತಾಮ್ರ ಹಂಗೇ ಕಾಣಾಕತ್ತದ. ಮತ್ತ ಕಾಯಸು, ಮತ್ತ ಹಚ್ಚು!”

ಪಾತ್ರೆಗೆ ಕಲಾಯಿ ಹಾಕುವವನು ಓಣಿಗೆ ಬಂದಿದ್ದ, ಆಯಿ ಅವನ ಜೀವ ತಿನ್ನುತ್ತಿದ್ದಳು. ನಾನು ಓಡಿಹೋಗಿ ಅವಳ ಕಾಲು ತಬ್ಬಿದೆ. ಹಂಡೆ ಉರುಳಿತು. ಹೆಂಗಸರು ನಕ್ಕರು. ಅವ್ವ ಎಲ್ಲರೂ ಹೋಗುವ ತನಕ ಕಾದು, ಬೀದಿಯ ಬಾಗಿಲು ಮುಚ್ಚಿ, ಬಸ್ಸಿನಲ್ಲಿ ಹೊಂದಿಸಿಕೊಂಡಿದ್ದ ಮಾತುಗಳಲ್ಲಿ ಒಂದನ್ನೂ ಆಡದೆ ಇಷ್ಟೇ ಹೇಳಿದಳು:

“ಅತ್ತಿ, ಕಮ್ಲಿ ಡಾಕ್ಟರ ಮುಂದ ಎಲ್ಲಾ ಹೇಳ್ಯಾಳ್ರಿ. ನೀವು ಸತ್ತೀರಿ ಅಂತ ಶಹಾಪುರದಿಂದ ಅಳಕೋತ ಬಂದಾಳ.”

ಆಯಿ ನಡುಮನೆಯ ಹೊಸ್ತಿಲ ಮೇಲೆ ಕೂತುಬಿಟ್ಟಳು. ಅವಳ ಮುಖದ ಬಣ್ಣ ಇಳಿದಿತ್ತು. ಅವ್ವನ ಕಡೆ ನೋಡಲಿಲ್ಲ. ನನ್ನ ಗದ್ದ ಹಿಡಿದೆತ್ತಿ ಕೇಳಿದಳು:

“ನಾ ಸಾಯ್ತೀನಿ ಅಂತ ಖರೇನ ನಂಬಿದ್ದೇನು?”

“ಹ್ಞೂಂ.”

“ನಂಬಿ ಹೇಳಿದಿ?”

ಸುಳ್ಳು ಹೇಳಬಹುದಿತ್ತು. ಮರೆತಿದ್ದೆ ಎಂದರೆ ಸಾಕಿತ್ತು, ಅವಳೂ ಒಪ್ಪಿಕೊಳ್ಳುತ್ತಿದ್ದಳು.

“ಹ್ಞೂಂ. ನನ್ನ ಕಾಲು ಬಿಳೀ ಆಗತಾವ ಅಂತ ಹೇಳಿದೆ.”

ಆಯಿ ನನ್ನ ಗದ್ದ ಬಿಟ್ಟಳು. ಬೈಯುತ್ತಾಳೆ ಅಂದುಕೊಂಡೆ, ಹೊಡೆಯುತ್ತಾಳೆ ಅಂದುಕೊಂಡೆ. ಅವಳು ನನ್ನ ತಲೆಯ ಮೇಲಿಂದ ಅವ್ವನನ್ನು ನೋಡಿ, ಎಷ್ಟೋ ದಿನದ ಮೇಲೆ ಸೊಸೆಯೊಡನೆ ನೆಟ್ಟಗೆ ಮಾತಾಡಿದಳು:

“ಇನ್ನ ಈಕಿ ಚಿಂತಿ ಬಿಡವಾ. ಈಕಿ ಬದುಕ್ತಾಳ.”